ಮಾಂಟ್ಜ್ ಹೊಳೆಗೆ ಒಂದು ಸೇತುವೆ

ಹ್ಯಾರಿಸ್‌ಬರ್ಗ್
ನವೆಂಬರ್ ೨೨

ಮಾರ್ಲಿನ್,

ಇದು ನಿನ್ನ ಕೈಸೇರುವಷ್ಟರಲ್ಲಿ ರೇಡಿಯೊದವರು ನಿನಗೆ ಎಲ್ಲವನ್ನೂ ಹೇಳಿ ಮುಗಿಸಿರುತ್ತಾರೆ. ಆದರೂ ನಾನೇ ಹೇಳಿದ್ದು ಎಂದು ಒಂದು ಕಾಗದ ನಿನ್ನ ಬಳಿ ಇರಲಿ. ನಿನ್ನೆ ಎರಡು ಸಲ ಫೋನು ಮಾಡಿದೆ. ನೀನು ಕೊಟ್ಟಿಗೆಯಲ್ಲಿದ್ದೀಯೆಂದು ಅರ್ಲೀನ್ ಹೇಳಿದಳು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಪಾಪ.

ಪೆಟ್ರೋಲು, ಡೀಸೆಲ್ಲಿನ ತೆರಿಗೆ ಏರಿಸುವ ಮಸೂದೆ ಶಾಸನಸಭೆಯಲ್ಲಿ ಮತಕ್ಕೆ ಬಂತು. ನಾನು ಹೌದೆಂದು ಮತ ಹಾಕಿದೆ. ನಮ್ಮ ರಿಪಬ್ಲಿಕನ್ನರಲ್ಲಿ ಹಾಗೆ ಮಾಡಿದವರು ಕೆಲವೇ ಜನ. ನಮ್ಮ ಕಡೆಯ ಹಿರಿಯರೊಬ್ಬರು ಎದ್ದು ಹೋಗುವಾಗ ನನ್ನ ಮೇಜಿನ ಮೇಲೊಮ್ಮೆ ಕೈಯಿಟ್ಟು, ಮಾತಾಡದೆ ಹೋದರು. ಸಾವಿನ ಮನೆಯಲ್ಲಿ ಹಾಗೆ ಮಾಡುತ್ತಾರಲ್ಲ, ಹಾಗೆ.

ಯಾಕೆ ಎಂದು ಕೇಳುತ್ತೀ. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ನಾನು ಮಾಂಟ್ಜ್ ಹೊಳೆಯ ಸೇತುವೆಗೆ ಹೋಗಿದ್ದೆ. ಭಾರದ ಗಾಡಿ ಹೋಗಕೂಡದೆಂದು ಫಲಕ ಹಾಕಿದ್ದಾರೆ, ನಿನಗೆ ಗೊತ್ತೇ ಇದೆ. ಹಾಲಿನ ಟ್ಯಾಂಕರುಗಳನ್ನೆಲ್ಲ ಹಾರ್ನರ್ ಬೆಟ್ಟ ಹತ್ತಿಸಿ ಇಳಿಸುತ್ತಿರುವವನು ನೀನೇ. ನಾನು ನೋಡಿದ್ದು ಶಾಲೆಯ ಬಸ್ಸು. ಈಚೆ ದಡದಲ್ಲಿ ಬಸ್ಸು ನಿಂತಿತು. ಮಕ್ಕಳೆಲ್ಲ ಇಳಿದು, ಸಾಲಾಗಿ, ಮಂಜಿನಲ್ಲಿ ನಡೆದು ಸೇತುವೆ ದಾಟಿದರು. ಖಾಲಿ ಬಸ್ಸು ಅವರ ಹಿಂದೆ ಮೆಲ್ಲಗೆ ತೆವಳಿತು. ಆಚೆ ದಡದಲ್ಲಿ ಮತ್ತೆ ಹತ್ತಿಕೊಂಡರು. ದಿನವೂ ಹೀಗೇ ಅಂತೆ. ಮಕ್ಕಳಿಗೆ ಅದೊಂದು ಆಟವಾಗಿಬಿಟ್ಟಿದೆ.

ಸೇತುವೆಗೆ ದುಡ್ಡಿಲ್ಲ ಎನ್ನುತ್ತಾರೆ, ನಿಜವಾಗಿಯೂ ಇಲ್ಲ. ನಮ್ಮ ಪಕ್ಷದ ಮತಗಳಷ್ಟರಿಂದಲೇ ಮಸೂದೆ ದಾಟುತ್ತಿರಲಿಲ್ಲ. ಡೆಮೊಕ್ರಾಟರು ನಗರದ ಬಸ್ಸುಗಳಿಗೂ ಪಾಲು ಕೇಳಿದರು. ಕೊಟ್ಟೆವು. ನಿನಗೆ ಇದೇ ಹೆಚ್ಚು ಉರಿಯುತ್ತದೆ ಎಂದು ಬಲ್ಲೆ.

ಹಬ್ಬ ಮುಗಿದ ಸೋಮವಾರ ಜಿಂಕೆ ಬೇಟೆ ಶುರುವಲ್ಲವೇ? ಎಂದಿನಂತೆ ಬರುತ್ತೇನೆ. ಮರದ ಕೆಳಗೆ ಕೂತು ನೀನು ಎಷ್ಟು ಬೈದರೂ ಕೇಳಿಸಿಕೊಳ್ಳುತ್ತೇನೆ. ಹೇಗಿದ್ದರೂ ಅಲ್ಲಿ ಪಿಸುಗುಟ್ಟಿಯೇ ಬೈಯಬೇಕು.

ನಿನ್ನ
ವೆಂಡೆಲ್

*

ಲೆಂಗೆಲ್ಸ್‌ಬರ್ಗ್
ನವೆಂಬರ್ ೩೦

ವೆಂಡೆಲ್,

ಬೇಟೆಗೆ ನಾನೂ ಲಮಾರನೂ ಹೋದೆವು. ನೀನು ಬಂದು ಅಂಗಳದಲ್ಲಿ ಗಾಡಿ ನಿಲ್ಲಿಸಿ ಕಾದೆಯೆಂದು ಅರ್ಲೀನ್ ಹೇಳಿದಳು. ನಾವು ಬೇಕೆಂದೇ ಕತ್ತಲಿರುವಾಗಲೇ ಹೊರಟಿದ್ದೆವು.

ನನಗೆ ಸುದ್ದಿ ತಲುಪಿದ್ದು ಹಾಲಿನ ಡೇರಿಯ ಅಂಗಳದಲ್ಲಿ. ಟ್ಯಾಂಕಿಗೆ ಪೈಪು ಜೋಡಿಸುತ್ತಿದ್ದೆ. ಹಾರ್ವಿ ಕಿಟಕಿಯಿಂದ ತಲೆ ಹಾಕಿ, "ಏನಪ್ಪಾ ಮಾರ್ಲಿನ್, ನಿನ್ ದೋಸ್ತ್ ನಿನ್ ಟ್ಯಾಂಕಿಗೇ ಕೈ ಹಾಕಿದ್ನಲ್ಲೋ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡಲಿ.

ಡೀಸೆಲ್ಲಿಗೆ ನಾನು ಹೆಚ್ಚು ಕೊಟ್ಟರೆ ಅದನ್ನು ರೈತನ ಹಾಲಿನ ಮೇಲೆ ಹಾಕುತ್ತೇನೆ. ರೈತ ಯಾರ ಮೇಲೆ ಹಾಕುತ್ತಾನೆ? ಹಸುವಿನ ಮೇಲೆ ಹಾಕಲಾಗುವುದಿಲ್ಲ. ನಾವು ಹುಡುಗರಾಗಿದ್ದಾಗ ನೆರೆ ಬಂದವರಿಗೆಂದು ಒಂದು ತಾತ್ಕಾಲಿಕ ತೆರಿಗೆ ಹಾಕಿದ್ದರಲ್ಲ, ನೆರೆ ಇಳಿದು ಒಂದು ತಲೆಮಾರೇ ಕಳೆಯಿತು. ತೆರಿಗೆ ಇನ್ನೂ ಇಳಿದಿಲ್ಲ. ಇದನ್ನು ನನಗೆ ಮೊದಲು ತೋರಿಸಿಕೊಟ್ಟವನು ನೀನೇ. ನಿನ್ನ ಬೀಜದಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ನೀನು ಹೇಳಿದ ಮಾತು ಕೇಳಿಯೇ ನಾನು ರಾಜಕೀಯಕ್ಕೆ ಬಂದದ್ದು.

ಆದರೆ ನನ್ನ ಸಿಟ್ಟು ದುಡ್ಡಿನದಲ್ಲ. ಅದು ನಿನಗೆ ಅರ್ಥವಾಗದಿದ್ದರೆ ಹೇಳುತ್ತೇನೆ. ಮುದುಕಿ ಹಮೆಲ್ ನೆನಪಿದೆಯೇ? ಅವಳ ಮನೆ ಬಾಗಿಲಲ್ಲಿ ನೀನು, "ನಾನಿರೋವರ್ಗೂ ತೆರಿಗೆ ಏರ್ಸೋಕೆ ಕೈ ಎತ್ತಲ್ಲಮ್ಮ" ಎಂದೆ. ಅವಳು ನಿನ್ನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಮಾರ್ಲಿನ್, ಇವನ ಮಾತು ನಂಬಬಹುದೇನೋ?" ಎಂದಳು. ನಂಬಬಹುದು ಎಂದೆ. ಆ ಮಾತು ಕೊಟ್ಟದ್ದು ನಾನು, ವೆಂಡೆಲ್. ಮುರಿದದ್ದು ನೀನು.

ನನಗೆ ಸೇತುವೆ ಬೇಕೆಂದು ನಿನ್ನನ್ನು ನಾನು ಕೇಳಿದ್ದೆನೇ? ಬೆಟ್ಟ ಹತ್ತುತ್ತೇನೆ ಎಂದಿದ್ದೆ. ಹತ್ತುತ್ತಿದ್ದೇನೆ.

ಇನ್ನು ಈ ಮನೆಗೆ ಬರಬೇಡ.

ಮಾರ್ಲಿನ್ ಜ಼ರ್ಬಿ

*

ಹ್ಯಾರಿಸ್‌ಬರ್ಗ್
ಜನವರಿ ೧೯

ಪ್ರಿಯ ಅರ್ಲೀನ್, ಮಾರ್ಲಿನ್,

ಚರ್ಚಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿದ್ದೆ. ಮುಂದೆ ಬರಬೇಕೆಂದಿದ್ದೆ, ಕಾಲು ಬರಲಿಲ್ಲ. ಸಮಾಧಿಯ ಬಳಿಯೂ ದೂರ ನಿಂತೆ. ನಾನು ನಿಂತ ಕಡೆಯಿಂದ ಜನ ಸ್ವಲ್ಪ ಸರಿದು ನಿಂತರು. ಅದು ನನಗೆ ಬೇಕಾಗಿಯೇ ಇತ್ತು ಅನ್ನಿಸಿತು.

ಅರ್ಲೀನ್, ನಿನ್ನ ತಮ್ಮ ಲಮಾರನನ್ನು ಅವನು ಸೈಕಲ್ಲಿನಿಂದ ಬೀಳುತ್ತಿದ್ದ ಕಾಲದಿಂದ ಬಲ್ಲೆ. ನನ್ನವಳು ರುಥಾನ್ ಹಾಸಿಗೆ ಹಿಡಿದಿದ್ದಾಗ ಪ್ರತಿ ವಾರ ಬಂದು ನಮ್ಮ ಮೆಟ್ಟಿಲಿನ ಹಿಮ ಕೆರೆದು, ಒಳಗೂ ಬಾರದೆ ಹೋಗುತ್ತಿದ್ದ. ಒಂದು ದಿನ ನಾನು ಕಾಫಿ ಹಿಡಿದು ಹೊರಗೆ ಹೋದರೆ, "ಅಕ್ಕ ಕಳ್ಸಿದ್ಲು" ಎಂದ. ಆಮೇಲೆ ನಿನ್ನನ್ನು ಕೇಳಿದರೆ ನಿನಗೆ ವಿಷಯವೇ ಗೊತ್ತಿರಲಿಲ್ಲ.

ಮಾರ್ಲಿನ್, ಇದನ್ನು ನಿನಗೆ ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕು. ಸೇತುವೆಗಳ ಪಟ್ಟಿ ಬಂದಿದೆ. ದೊಡ್ಡ ರಸ್ತೆಗಳಿಗೆ ಮೊದಲ ಸರದಿ. ನಮ್ಮದು ಮುಂದಿನ ವರ್ಷಕ್ಕೆ. ನಮ್ಮದೇ ಮೊದಲು ಎಂದು ನಾನು ನಂಬಿದ್ದೆ. ಹಾಗೆಂದು ಯಾರೂ ಮಾತು ಕೊಟ್ಟಿರಲಿಲ್ಲ, ನಾನೇ ನಂಬಿಕೊಂಡೆ. ಹೊಸ ತೆರಿಗೆಯ ಡೀಸೆಲ್ ಹಾಕಿಕೊಂಡೇ ಲಮಾರ್ ಆ ದಿನ ಬೆಟ್ಟ ಹತ್ತಿದ. ಆ ಹಿಮದ ತಿರುವಿನಲ್ಲಿ ತುಂಬಿದ ಟ್ಯಾಂಕರು ಉರುಳಿದಾಗ ಹೊಳೆಗೆ ಒಂದು ಹಲಗೆಯೂ ಬಿದ್ದಿರಲಿಲ್ಲ.

ಇದಕ್ಕೆ ಉತ್ತರ ಬೇಡ.

ವೆಂಡೆಲ್

*

ಲೆಂಗೆಲ್ಸ್‌ಬರ್ಗ್
ಫೆಬ್ರುವರಿ ೧೧

ವೆಂಡೆಲ್,

ಅರ್ಲೀನ್ ನಿನ್ನ ಕಾಗದ ಓದಿದಳು. ಲಮಾರನ ವಿಷಯ ಬರೆದದ್ದಕ್ಕೆ ಅವಳ ಪರವಾಗಿ ವಂದನೆ.

ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಮೇ ತಿಂಗಳಲ್ಲಿ ನಮ್ಮ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗೆ ನಿನ್ನ ಎದುರು ನಿಲ್ಲುತ್ತಿದ್ದೇನೆ. ಗುರುವಾರದ ಪತ್ರಿಕೆಯಲ್ಲಿ ಬರುತ್ತದೆ. ಅಲ್ಲಿ ಓದಿ ತಿಳಿಯುವುದು ಸರಿಯಲ್ಲ ಎನ್ನಿಸಿತು. ನಿನ್ನ ನಾಲ್ಕು ಚುನಾವಣೆಗಳಲ್ಲೂ ಬಾಗಿಲು ಬಡಿದವನು ನಾನು. ಯಾವ ಮನೆಯ ನಾಯಿ ಕಚ್ಚುತ್ತದೆ ಎನ್ನುವುದೂ ಗೊತ್ತು. ಈ ಸಲ ಅದೇ ಬಾಗಿಲುಗಳಿಗೆ ಹೋಗಿ, ಹಿಂದೆ ನಾನು ಹೇಳಿದ್ದು ತಪ್ಪಾಯಿತು ಎಂದು ಹೇಳಬೇಕು. ಹಮೆಲ್ ಮನೆಗೆ ಆಗಲೇ ಹೋಗಿ ಬಂದೆ.

ತೆರಿಗೆ ಇಳಿಸುತ್ತೇನೆ ಎಂದು ಮಾತು ಕೊಡುತ್ತಿದ್ದೇನೆ. ನಾನು ಮುರಿಯುವುದಿಲ್ಲ.

ಮಾರ್ಲಿನ್

*

ಲೆಂಗೆಲ್ಸ್‌ಬರ್ಗ್
ಮೇ ೨೪

ಪ್ರಿಯ ವೆಂಡೆಲ್,

ಸೋತ ಮೇಲೆ ನಿಮಗೆ ತುಂಬ ಕಾಗದಗಳು ಬಂದಿರಬಹುದು, ಅಥವಾ ಬಾರದೆಯೂ ಇರಬಹುದು. ನಾನು ಮಾರ್ಲಿನ್‌ಗೆ ತಿಳಿಸದೆ ಬರೆಯುತ್ತಿದ್ದೇನೆ. ಮದುವೆಯಾದ ಮೇಲೆ ಹೀಗೆ ಮಾಡುತ್ತಿರುವುದು ಇದೇ ಮೊದಲು.

ಏಪ್ರಿಲಿನಲ್ಲಿ ರಾಜಧಾನಿ ಹ್ಯಾರಿಸ್‌ಬರ್ಗಿನಿಂದ ಇಬ್ಬರು ಬಂದರು. ತೆರಿಗೆ ವಿರೋಧಿಸುವ ಯಾವುದೋ ಸಂಘದವರು, ಒಳ್ಳೆಯ ಬೂಟು ಹಾಕಿದವರು. ನನ್ನ ಕೈಯ ಕಡುಬು ತಿಂದು ಹೊಗಳಿದರು. ಲಮಾರನ ಒಂದು ಫೋಟೋ ಇದೆಯೇ, ನೆನಪಿಗೆ ಬೇಕಿತ್ತು ಎಂದರು. ನಾನೇ ಎದ್ದು ಹೋಗಿ ಚರ್ಚಿನ ವನಭೋಜನದ್ದೊಂದು ತಂದುಕೊಟ್ಟೆ. ಯಾರ ನೆನಪಿಗೆ ಎಂದು ಕೇಳಬೇಕಿತ್ತು.

ಆಮೇಲೆ ಕರಪತ್ರದ ಕಟ್ಟುಗಳು ಕೊಟ್ಟಿಗೆಗೆ ಬಂದವು. ನೀವೂ ನೋಡಿರುತ್ತೀರಿ, ಎಲ್ಲರ ಮನೆಗೂ ಹೋಗಿದೆ. ಮೇಲೆ ನನ್ನ ತಮ್ಮ ನಗುತ್ತಿದ್ದಾನೆ. ಕೆಳಗೆ, "ತೆರಿಗೆ ಬಂತು. ಸೇತುವೆ ಬರಲಿಲ್ಲ. ಲಮಾರ್ ಮನೆಗೆ ಬರಲಿಲ್ಲ."

ಮಾರ್ಲಿನ್‌ಗೂ ಮೊದಲೇ ಗೊತ್ತಿರಲಿಲ್ಲ. ಇದನ್ನು ನೀವು ನಂಬಬೇಕು. ಕಟ್ಟು ಬಿಚ್ಚಿದ ಮೇಲೆಯೇ ನೋಡಿದರು. ಹಂಚಬೇಡಿ ಎಂದೆ.

"ಇದ್ರಲ್ಲಿ ಸುಳ್ಳೇನಿದೆ ಹೇಳು" ಎಂದರು.

"ಸುಳ್ಳಿಲ್ಲ. ಸುಳ್ಳಾಗಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ, ನೀವೇ ಸುಟ್ಹಾಕ್ತಿದ್ರಿ" ಎಂದೆ.

ಅವರು ಕಟ್ಟುಗಳನ್ನು ಒಂದೊಂದಾಗಿ ಗಾಡಿಗೆ ಹಾಕಿದರು. ಲಮಾರನ ಶವಪೆಟ್ಟಿಗೆಗೆ ಹೆಗಲು ಕೊಟ್ಟಾಗ ನಡೆದ ಹಾಗೆಯೇ ನಿಧಾನವಾಗಿ ನಡೆಯುತ್ತಿದ್ದರು. ಮನುಷ್ಯ ಕೆಟ್ಟವನಲ್ಲ, ವೆಂಡೆಲ್. ಗೆಲ್ಲದಿದ್ದರೆ ತಾನು ಆಡಿದ ಮಾತು ಮತ್ತೊಮ್ಮೆ ಸುಳ್ಳಾಗುತ್ತದೆ ಎಂಬ ಭಯ ಅವರಿಗೆ ಹಿಡಿದುಬಿಟ್ಟಿತ್ತು.

ಚುನಾವಣೆಯ ದಿನ ಅಗ್ನಿಶಾಮಕ ಠಾಣೆಯಲ್ಲಿ ಒಟ್ಟಿಗೇ ಸಾಲಿನಲ್ಲಿ ನಿಂತೆವು. ಮಾರ್ಲಿನ್ ಎಲ್ಲರ ಕೈ ಕುಲುಕಿದರು. ನಾನು ಪರದೆ ಎಳೆದುಕೊಂಡು ಒಳಗೆ ಹೋಗಿ ಮತಯಂತ್ರದಲ್ಲಿ ನಿಮ್ಮ ಹೆಸರಿನ ಹಿಡಿ ಎಳೆದೆ. ತೆರಿಗೆಯ ವಿಷಯದಲ್ಲಿ ನಾನು ಮಾರ್ಲಿನ್ ಪಕ್ಷವೇ. ಮನೆಯ ಲೆಕ್ಕ ನೋಡುವವಳು ನಾನು, ಡೀಸೆಲ್ಲಿನ ಬಿಲ್ಲು ನನಗೆ ಗೊತ್ತು. ಆದರೂ ನಿಮಗೆ ಹಾಕಿದೆ. ಹೊರಗೆ ಬಂದಾಗ ಮಾರ್ಲಿನ್ ನನ್ನ ಕೋಟು ಹಿಡಿದುಕೊಂಡು ಕಾಯುತ್ತಿದ್ದರು.

ಯಾರಿಗಾದರೂ ಹೇಳಬೇಕಿತ್ತು. ನಿಮ್ಮನ್ನು ಬಿಟ್ಟರೆ ಹೇಳುವಂಥವನು ಲಮಾರ್ ಒಬ್ಬನಿದ್ದ.

ಅರ್ಲೀನ್

*

ಲೆಂಗೆಲ್ಸ್‌ಬರ್ಗ್
ಜೂನ್ ೨

ಪ್ರಿಯ ಅರ್ಲೀನ್,

ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಬೇಸರ ಮಾಡಿಕೊಳ್ಳಬೇಡ. ಅದರಲ್ಲಿದ್ದುದು ಮಾರ್ಲಿನ್‌ಗೆ ನಿನ್ನ ಬಾಯಿಂದ ತಿಳಿಯಬೇಕು, ಇಲ್ಲವೇ ಎಂದೂ ತಿಳಿಯಬಾರದು. ನನ್ನ ಮೇಜಿನಲ್ಲಿ ಸಿಕ್ಕಿ ತಿಳಿಯುವುದು ಬೇಡ.

ನನ್ನನ್ನು ಅವನಿಗಿಂತ ಒಳ್ಳೆಯವನೆಂದು ತಿಳಿಯಬೇಡ. ಮಾರ್ಚಿನಲ್ಲಿ ನನ್ನ ಕಡೆಯವನೊಬ್ಬ ಇಂಥದ್ದೇ ಒಂದು ಬರೆದು ತಂದಿದ್ದ. ಸೇತುವೆಗೆ ಹಿಂದಿನವರು ಸಕಾಲಕ್ಕೆ ದುಡ್ಡು ಕೊಟ್ಟಿದ್ದರೆ ಲಮಾರ್ ಬದುಕಿರುತ್ತಿದ್ದ, ಮಾರ್ಲಿನ್‌ನಂಥವರು ಬಿಡಲಿಲ್ಲ ಎಂದು ಅದರಲ್ಲಿತ್ತು. ಅದರಲ್ಲೂ ಸುಳ್ಳಿರಲಿಲ್ಲ. ಬೇಡವೆಂದೆ, ನಿಜ. ಆದರೆ ಬೇಡವೆನ್ನುವ ಮೊದಲು ಕೊನೆಯವರೆಗೂ ಓದಿದೆ, ಚೆನ್ನಾಗಿ ಬರೆದಿದ್ದಾನೆ ಎಂದೂ ಅಂದುಕೊಂಡೆ. ನನ್ನ ಕೊಟ್ಟಿಗೆಗೆ ಕಟ್ಟುಗಳು ಅಚ್ಚಾಗಿಯೇ ಬಂದು ಬಿದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

ಅಂಗಡಿಗೆ ಮತ್ತೆ ಹೋಗುತ್ತಿದ್ದೇನೆ. ಟೊಮೆಟೊ ಸಸಿ ಕೇಳಿಕೊಂಡು ಬರುವವರು ಮೊದಲು ಸಸಿ ನೋಡಿ ಆಮೇಲೆ ನನ್ನನ್ನು ನೋಡುತ್ತಾರೆ. ಪರವಾಗಿಲ್ಲ.

ವೆಂಡೆಲ್

*

ಹ್ಯಾರಿಸ್‌ಬರ್ಗ್
ಮಾರ್ಚ್ ೧೪

ವೆಂಡೆಲ್,

ಒಂದು ವರ್ಷದ ಮೇಲಾಯಿತು. ಕೆಲವು ಸಂಗತಿಗಳನ್ನು ನಿನಗೆ ಹೇಳುವುದು ಬಾಕಿಯಿದೆ.

ನವೆಂಬರಿನಲ್ಲಿ ಗೆದ್ದ ಮೇಲೆ ಇಲ್ಲಿ ಶಾಸನಸಭೆಯಲ್ಲಿ ನನಗೆ ನಿನ್ನ ಹಳೆಯ ಕೋಣೆಯನ್ನೇ ಕೊಟ್ಟಿದ್ದಾರೆ. ಬಿಸಿನೀರಿನ ಕೊಳವೆ ಟಕಟಕ ಬಡಿದುಕೊಳ್ಳುತ್ತದೆ. ನೀನು ಎಂದೂ ಇದರ ಬಗ್ಗೆ ಗೊಣಗಿದ್ದಿಲ್ಲ.

ಮೊದಲ ವಾರ ಊಟದ ಮನೆಯಲ್ಲಿ ಬರ್ನೀಸ್ ಟಾಲಿವರ್ ಎಂಬಾಕೆ ಬಂದು ಎದುರು ಕೂತಳು. ಡೆಮೊಕ್ರಾಟ್, ಫಿಲಡೆಲ್ಫಿಯದವಳು. ನಿನ್ನನ್ನು ಚೆನ್ನಾಗಿ ಬಲ್ಲಳಂತೆ. "ನಿಮ್ಮ ವೆಂಡೆಲ್ ನನ್ನ ಬಸ್ಸಿಗೆ ಓಟು ಹಾಕಿದ್ರು, ನಾನು ನಿಮ್ಮ ಸೇತುವೆಗೆ ಹಾಕಿದೆ. ಆ ಸೇತುವೆ ನಾನು ಸಾಯೋವರ್ಗೂ ನೋಡಲ್ಲ" ಎಂದಳು. ನಿಮ್ಮ ಬಸ್ಸು ಓಡುವುದು ನನ್ನ ಡೀಸೆಲ್ಲಿನ ದುಡ್ಡಿನಲ್ಲಿ ಎಂದೆ. "ಹೌದಪ್ಪ. ಬೆಳಗಿನ ಮೊದಲ ಬಸ್ಸಲ್ಲಿ ಯಾರಿರ್ತಾರೆ ಗೊತ್ತಾ? ಆಸ್ಪತ್ರೆ ನೆಲ ಒರ್ಸೋರು. ನೀವು ತರೋ ಹಾಲು ಕುಡ್ಯೋದು ಅವರ ಮಕ್ಕಳೇ" ಎಂದಳು. ಅವಳು ಹೇಳಿದ್ದು ಸರಿಯೆಂದು ಈಗಲೂ ಒಪ್ಪುವುದಿಲ್ಲ. ಅವಳ ಬಸ್ಸಿಗೆ ಅವಳ ಊರು ಕೊಡಲಿ. ಆದರೆ ದಿನವೂ ಅವಳೊಂದಿಗೇ ಊಟ ಮಾಡುತ್ತೇನೆ. ನಮ್ಮ ಪಕ್ಷದವರು ಬರೀ ಗಾಲ್ಫಿನ ಮಾತಾಡುತ್ತಾರೆ.

ತೆರಿಗೆ ರದ್ದು ಮಾಡುವ ಮಸೂದೆ ನಿನ್ನೆ ಮತಕ್ಕೆ ಬಂತು. ಅದಕ್ಕೆ ಕೆಲವು ದಿನ ಮೊದಲು ರಸ್ತೆ ಇಲಾಖೆಯವನೊಬ್ಬ ನನ್ನ ಕೋಣೆಗೆ ಬಂದು ನಕ್ಷೆ ಹರಡಿದ. ಮಾಂಟ್ಜ್ ಹೊಳೆಯ ಸೇತುವೆಗೆ ಗುತ್ತಿಗೆ ಕರೆಯುವುದಿತ್ತು. ಮಸೂದೆ ಗೆದ್ದರೆ ಅದು ನಿಂತುಹೋಗುತ್ತದೆ ಎಂದ. ಅವನ ಬೆರಳು ಇದ್ದ ಕಡೆ ಹೊಳೆಯಿತ್ತು. ನಾನು ನೋಡುತ್ತಿದ್ದುದು ಅದರ ಮೇಲ್ಗಡೆ ಬೆಟ್ಟದ ತಿರುವು.

ಆ ಶನಿವಾರ ಮನೆಗೆ ಹೋಗಿ ಅರ್ಲೀನಳಿಗೆ ಹೇಳಿದೆ. ಏನು ಮಾಡುತ್ತೀರಿ ಎಂದಳು. ಮಾತು ಕೊಟ್ಟಿದ್ದೇನಲ್ಲ ಎಂದೆ. ಅವಳು ತಟ್ಟೆಗೆ ಆಲೂಗಡ್ಡೆ ಬಡಿಸುತ್ತಾ, ದನಿ ಏರಿಸದೆ, "ನಾನು ನಿಮಗೆ ಓಟು ಹಾಕ್ಲಿಲ್ಲ. ವೆಂಡೆಲ್‌ಗೆ ಹಾಕ್ದೆ" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಎದ್ದು ಕೊಟ್ಟಿಗೆಗೆ ಹೋದೆ. ಆ ಕರಪತ್ರದ ಒಂದು ಕಟ್ಟು ಉಳಿದಿತ್ತು, ಮೂಲೆಯಲ್ಲಿ, ಗೋಣಿಯ ಕೆಳಗೆ. ಅದನ್ನು ಹಂಚಲೂ ಇಲ್ಲ, ಸುಡಲೂ ಇಲ್ಲ, ಹಾಗೆಯೇ ಇಟ್ಟಿದ್ದೆ. ಅದರ ಮೇಲೆ ಕೂತೆ. ವಾಪಸ್ಸು ಬಂದಾಗ ಅವಳು ತಟ್ಟೆಗೆ ಮುಚ್ಚಳ ಮುಚ್ಚಿಟ್ಟಿದ್ದಳು. ಉಂಡೆ.

ನಿನ್ನೆ ರದ್ದಿನ ಪರವಾಗಿ ಮತ ಹಾಕಿದೆ. ನನ್ನ ಊರಿನ ಸೇತುವೆಯನ್ನು ನಾನೇ ನಿಲ್ಲಿಸಲು ಕೈಯೆತ್ತಿದೆ. ಮಸೂದೆ ಬಿದ್ದುಹೋಯಿತು. ತೆರಿಗೆ ಉಳಿಯಿತು, ಸೇತುವೆ ಬರುತ್ತದೆ. ಬರ್ನೀಸ್ ದಾಟಿ ಹೋಗುವಾಗ, "ಸೋತಿದ್ದಕ್ಕೆ ಅಭಿನಂದನೆ" ಎಂದಳು. ನಗಬೇಕೋ ಬೇಡವೋ ತಿಳಿಯಲಿಲ್ಲ.

ಮಸೂದೆ ಬಿದ್ದಾಗ ನನ್ನ ಎದೆ ಹಗುರವಾಯಿತು, ವೆಂಡೆಲ್. ಇದನ್ನು ಇನ್ನೊಬ್ಬರ ಮುಂದೆ ಆಡಲಾರೆ. ನೀನೂ ಆಡಬೇಡ.

ಮಾರ್ಲಿನ್

*

ಲೆಂಗೆಲ್ಸ್‌ಬರ್ಗ್
ಮಾರ್ಚ್ ೨೦

ಮಾರ್ಲಿನ್,

ಆಡುವುದಿಲ್ಲ.

ಆ ಕೊಳವೆಯನ್ನು ಕೆಳಗಡೆ ಸ್ಪ್ಯಾನರಿನಿಂದ ಒಂದು ಏಟು ಹೊಡೆದರೆ ಮಧ್ಯಾಹ್ನದವರೆಗೆ ಸುಮ್ಮನಿರುತ್ತದೆ.

ವೆಂಡೆಲ್

*

ಲೆಂಗೆಲ್ಸ್‌ಬರ್ಗ್
ಅಕ್ಟೋಬರ್ ೨೮

ಮಾರ್ಲಿನ್,

ಸೇತುವೆಯ ಉದ್ಘಾಟನೆಗೆ ನೀನು ಬರುವುದಿಲ್ಲ ಎಂದು ಕೌಂಟಿ ಆಡಳಿತದವರು ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನೀನು ವಿರೋಧಿಸಿದ ದುಡ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವನಲ್ಲ ನೀನು. ನಿನ್ನ ಬದಲು ನನ್ನನ್ನು ರಿಬ್ಬನ್ನು ಕತ್ತರಿಸಲು ಕರೆದರು. ಒಲ್ಲೆ ಎಂದೆ. ಕೊನೆಗೆ ಶಾಲೆಯ ಬಸ್ಸಿನ ಡ್ರೈವರಮ್ಮ ಕತ್ತರಿಸಿದಳು.

ಸೇತುವೆಗೆ ಲಮಾರನ ಹೆಸರಿಡುವ ಮಾತಿತ್ತು. ಅರ್ಲೀನ್ ಸಭೆಯಲ್ಲಿ ಎದ್ದು ನಿಂತು ಬೇಡವೆಂದಳು. "ಅವನ ಹೆಸರು ಒಂದ್ಸಲ ಊರೆಲ್ಲ ಹಂಚಿ ಆಗಿದೆ, ಸಾಕು" ಎಂದಳು. ಇದನ್ನು ನಿನಗೆ ಹೇಳಿದ್ದಾಳೋ ಇಲ್ಲವೋ. ರಿಬ್ಬನ್ನು ಕತ್ತರಿಸಿದ ಮೇಲೆ ನಾವಿಬ್ಬರೂ ನಡೆದು ಆಚೆ ದಡಕ್ಕೆ ಹೋಗಿ ಬಂದೆವು. ಅವಳು ಕಂಬಿಯ ಮೇಲೆ ಕೈಯಾಡಿಸುತ್ತಾ ನಡೆದಳು, ನೀರಿನ ಕಡೆ ನೋಡಲಿಲ್ಲ. ಮಕ್ಕಳು ಬಸ್ಸಿನ ಕಿಟಕಿಯಿಂದ ಕೂಗಿದರು. ನಡೆಯುವುದು ತಪ್ಪಿದ್ದಕ್ಕೆ ಕೆಲವರಿಗೆ ಬೇಜಾರಂತೆ.

ನಿನ್ನ ಟ್ಯಾಂಕರುಗಳು ಇನ್ನೂ ಬೆಟ್ಟದ ಮೇಲೆಯೇ ಹೋಗುತ್ತಿವೆ ಎಂದು ಹಾರ್ವಿ ಹೇಳಿದ. ಅದು ನಿನ್ನ ವ್ಯವಹಾರ. ನಾನೇನೂ ಹೇಳುವುದಿಲ್ಲ.

ಮುಂದಿನ ಚುನಾವಣೆಯಲ್ಲಿ ನಾನು ನಿಲ್ಲುವುದಿಲ್ಲ. ಆದರೆ ಯಾರಾದರೂ ಕೇಳಿದರೆ, ತೆರಿಗೆಯ ವಿಷಯದಲ್ಲಿ ಮಾರ್ಲಿನ್ ಜ಼ರ್ಬಿ ತಪ್ಪು ಎಂದೇ ಹೇಳುತ್ತೇನೆ. ಅವನ ಮಾತು ನಂಬಬಹುದೇ ಎಂದು ಕೇಳಿದರೆ, ನಂಬಬಹುದು ಎನ್ನುತ್ತೇನೆ.

ವೆಂಡೆಲ್

*

ಲೆಂಗೆಲ್ಸ್‌ಬರ್ಗ್
ನವೆಂಬರ್ ೪

ವೆಂಡೆಲ್,

ನಿನ್ನ ಕಾಗದ ಸಿಕ್ಕಿತು.

ಶುಕ್ರವಾರ ಅರ್ಲೀನ್ ಹ್ಯಾರಿಸ್‌ಬರ್ಗಿಗೆ ಬಂದಿದ್ದಳು. ಸಂಜೆಗೆ ಮುಂಚೆ ಊರಿಗೆ ಹೊರಟೆವು. ಕವಲುದಾರಿಯಲ್ಲಿ ನಾನು ಬೆಟ್ಟದ ಕಡೆಗೆ ತಿರುಗಿಸಿದೆ. ಎಲೆಯೆಲ್ಲ ಉದುರಿ ಬೆಟ್ಟ ಬೋಳಾಗಿತ್ತು, ಕೆಳಗಿನ ಹೊಲಗಳೆಲ್ಲ ಕಾಣುತ್ತಿದ್ದವು. ಲಮಾರ್ ಉರುಳಿದ ತಿರುವು ಬಂದಾಗ ನಿಲ್ಲಿಸಿ ಎಂದಳು. ಅಲ್ಲಿಗೆ ನಾವಿಬ್ಬರೂ ಒಟ್ಟಿಗೆ ಎಂದೂ ಹೋಗಿರಲಿಲ್ಲ. ನಾನು ದಿನವೂ ದಾಟುತ್ತಿದ್ದೆ, ಆದರೆ ಒಂದು ಸಲವೂ ನಿಲ್ಲಿಸಿರಲಿಲ್ಲ.

ಇಳಿದು ನಿಂತೆವು. ಮುರಿದ ತಡೆಗೋಡೆಗೆ ಹೊಸ ತುಂಡು ಹಾಕಿದ್ದಾರೆ, ಅದಿನ್ನೂ ಹೊಳೆಯುತ್ತದೆ. ಅವಳಿಗೆ ಚಳಿಯಾಗುತ್ತಿತ್ತು. ನನ್ನ ಕೋಟು ಕೊಟ್ಟೆ. ಅದನ್ನು ತೊಟ್ಟುಕೊಂಡು ಹೇಳಿದಳು:

"ಮಾತು ಉಳಿಸ್ಕೊಂಡ್ರಿ ಮಾರ್ಲಿನ್. ಇಲ್ಲ ಅನ್ನೋಕೆ ಯಾರಿಗೂ ಬಾಯಿಲ್ಲ. ಇನ್ನು ಮನೆಗೆ ಹೋಗೋಣ, ಸೇತುವೆ ಮೇಲೆ."

ಅಲ್ಲಿ ರಸ್ತೆ ಇಕ್ಕಟ್ಟು, ಗೊತ್ತಲ್ಲ. ಹಿಂದೆ ಮುಂದೆ ಮಾಡಿ ಮಾಡಿ ಗಾಡಿ ತಿರುಗಿಸಿದೆ.

ಮಾರ್ಲಿನ್